ಸಾವಿರ ಕಂತುಗಳ ಕಡಲಯಾನ

ಸಾವಿರ ಕಂತು ದಾಟಿದರೂ ಮುಗಿಯದ ಕಥೆ ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ‘ಅದರಲ್ಲಿ ಅಂಥದೇನಿದೆ?’ ಎಂಬ ಪ್ರಶ್ನೆ, ಮಕ್ಕಳು ‘ಒನ್ ಪೀಸ್’ ಎಂಬ ಜಪಾನೀ ಚಿತ್ರಮಾಲಿಕೆಯನ್ನು ನೋಡುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಏಳುತ್ತದೆ. ನಮ್ಮ ಮನೆಯಲ್ಲೂ ಎದ್ದಿತು. ಮಕ್ಕಳೊಡನೆ ಕುಳಿತು ನೋಡಿದ ಮೇಲೆ ನಮಗೆ ತೋಚಿದ ಉತ್ತರವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕುಮಾಮೊಟೊದಲ್ಲಿ 1975ರಲ್ಲಿ ಹುಟ್ಟಿದ ಎಯಿಚಿರೊ ಓಡಾ ಅವರು ಈ ಚಿತ್ರಕಥೆಯನ್ನು 1997ರ ಜುಲೈಯಲ್ಲಿ ಒಂದು ವಾರಪತ್ರಿಕೆಯಲ್ಲಿ ಆರಂಭಿಸಿದರು. ತೋಯಿ ಸಂಸ್ಥೆ ಅದಕ್ಕೆ ಚಲನೆ ಕೊಟ್ಟಿತು. 1999ರ ಅಕ್ಟೋಬರ್ 20ರಂದು ಮೊದಲ ಕಂತು ಜಪಾನಿನ ಫುಜಿ ವಾಹಿನಿಯಲ್ಲಿ ಮೂಡಿಬಂತು. ಸಾವಿರನೆಯದು ಪ್ರಸಾರವಾದದ್ದು 2021ರ ನವೆಂಬರಿನಲ್ಲಿ.

ಹಂದರವೇನೋ ಸರಳ. ಕಡಲ್ಗಳ್ಳರ ಅರಸನಾದ ರೋಜರ್ ಎಂಬವನು ಮರಣದಂಡನೆಯ ಕಟ್ಟೆಯ ಮೇಲಿಂದ, ತನ್ನ ನಿಧಿ ಹುಡುಕಿದವರಿಗೆ ಸೇರಲಿ ಎಂದು ಸಾರಿ ಸಾಯುತ್ತಾನೆ. ಅದನ್ನರಸಿ ಹೊರಟ ಅಸಂಖ್ಯರಲ್ಲಿ ಲೂಫಿ ಎಂಬ ಹುಡುಗನೂ ಒಬ್ಬ. ಮಾಯದ ಹಣ್ಣು ತಿಂದದ್ದರಿಂದ ಅವನ ಮೈ ರಬ್ಬರಿನಂತೆ ಹಿಗ್ಗುತ್ತದೆ. ಆದರೆ ಅದೇ ಕಾರಣದಿಂದ ಅವನು ಈಜಲಾರ. ಈಜಲಾರದವನು ಕಡಲಿಗೆ ಅರಸನಾಗಬೇಕಾದರೆ ಜೊತೆಗಾರರಿಲ್ಲದೆ ಆದೀತೆ?

ಇಂಥ ಕಥೆಗೆ ಇಷ್ಟು ಉದ್ದವೇಕೆ? ಉದ್ದವೇ ಇದರ ಬಲವೆಂಬುದು ನಮ್ಮ ಅಭಿಪ್ರಾಯ. ಒಂದು ನಿದರ್ಶನ ನೋಡಿ. 2001ರಲ್ಲಿ ಬಂದ, ಅರವತ್ತರ ಆಚೀಚಿನ ಕಂತುಗಳಲ್ಲಿ ಲಬೂನ್ ಎಂಬ ತಿಮಿಂಗಿಲ ಬರುತ್ತದೆ. ಅದು ಮರಿಯಾಗಿದ್ದಾಗ ಗೆಳೆಯರಾದ ನಾವಿಕರು, ಎರಡು ಮೂರು ವರ್ಷದಲ್ಲಿ ಮರಳುವೆವೆಂದು ಹೇಳಿ ಹೋಗಿದ್ದರು. ಐವತ್ತು ವರ್ಷ ಕಳೆದಿದೆ. ತಿಮಿಂಗಿಲ ಬಂಡೆಗೋಡೆಗೆ ತಲೆ ಚಚ್ಚಿಕೊಳ್ಳುತ್ತ ಇನ್ನೂ ಕಾಯುತ್ತಿದೆ. ಲೂಫಿ ಅದರ ಹಣೆಗೆ ತನ್ನ ಬಾವುಟದ ಗುರುತನ್ನು ಬಳಿದು, ತಾನು ಮತ್ತೆ ಬರುವ ತನಕ ಅದನ್ನು ಅಳಿಸಬೇಡವೆಂದು ಹೇಳಿ ಮುಂದೆ ಸಾಗುತ್ತಾನೆ. ನೋಡುವವರೂ ಅದನ್ನು ಮರೆತುಬಿಡುತ್ತಾರೆ.

ಏಳು ವರ್ಷದ ತರುವಾಯ, 2008ರ ಕಂತುಗಳಲ್ಲಿ, ಮಂಜು ಕವಿದ ಕಡಲಲ್ಲಿ ಬ್ರೂಕ್ ಎಂಬ ಎಲುಬಿನ ಹಂದರದ ಸಂಗೀತಗಾರ ಸಿಗುತ್ತಾನೆ. ಮಾತು ಕೊಟ್ಟು ಹೋದವರಲ್ಲಿ ಉಳಿದವನು ಅವನೊಬ್ಬನೇ. ಸಾಯುವ ಮುನ್ನ ಸಂಗಡಿಗರು ತಿಮಿಂಗಿಲಕ್ಕಾಗಿ ಹಾಡಿದ ಹಾಡನ್ನು ಒಂದು ಚಿಪ್ಪಿನಲ್ಲಿ ಕಾಪಾಡಿಕೊಂಡಿದ್ದಾನೆ. ಲಬೂನ್ ಇನ್ನೂ ಕಾಯುತ್ತಿದೆಯೆಂದು ತಿಳಿದಾಗ ಅವನು ಅಳುವುದನ್ನು ನೋಡಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಎಂಟನೆಯ ವಯಸ್ಸಿನಲ್ಲಿ ತಿಮಿಂಗಿಲವನ್ನು ಕಂಡ ಜಪಾನೀ ಬಾಲಕ ಅಷ್ಟರಲ್ಲಿ ಹದಿನೈದರವನಾಗಿದ್ದ. ಎರಡು ಗಂಟೆಯ ಚಲನಚಿತ್ರ ‘ಬಹುಕಾಲ ಕಳೆಯಿತು’ ಎಂದು ಹೇಳಬಹುದು. ಇಲ್ಲಿ ಕಾಲ ನಿಜವಾಗಿಯೇ ಕಳೆದಿರುತ್ತದೆ. ಹೊರಡುವಾಗ ‘ಹೋಗುತ್ತೇವೆ’ ಎನ್ನದೆ ‘ಹೋಗಿ ಬರುತ್ತೇವೆ’ ಎನ್ನುವವರು ನಾವು. ಹಾಗೆಂದು ಊರು ಬಿಟ್ಟು ಬಂದವರಿಗೆ, ಕಾಯುವವರೊಬ್ಬರು ಅಲ್ಲಿರುವುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಡಗಿನ ಮಾತೂ ಹೀಗೆಯೇ. ಮೊದಲ ಇಪ್ಪತ್ತು ಕಂತುಗಳೊಳಗೆ ಕುರಿಮುಖದ ಪುಟ್ಟ ಹಡಗು ‘ಮೆರಿ’ ಇವರ ಕೈ ಸೇರುತ್ತದೆ. 312ನೆಯದರಲ್ಲಿ, ಇನ್ನು ದುರಸ್ತಿಯಾಗದೆಂದು ತಿಳಿದು, ಕಡಲಲ್ಲೇ ಅದಕ್ಕೆ ಬೆಂಕಿಯಿಟ್ಟು ಬೀಳ್ಕೊಡುತ್ತಾರೆ. ಸುಮಾರು ಮುನ್ನೂರು ಕಂತು ನಾವೂ ಅದರಲ್ಲೇ ಇದ್ದವರು. ಮರದ ಹಡಗಿಗೆ ಕಣ್ಣು ತೇವವಾದರೆ ಆಶ್ಚರ್ಯವೇನು?

ಕುಂದುಗಳೂ ಉಂಟು. ಹಿಂದಿನ ಕಥೆಯ ಪುನರಾವರ್ತನೆಗೇ ಕೆಲವು ನಿಮಿಷ ಹೋಗುತ್ತದೆ. ಪತ್ರಿಕೆಯ ಕಥೆಯನ್ನು ಮೀರಿ ಓಡಬಾರದೆಂದು ಕಾದಾಟಗಳನ್ನು ಎಳೆದು ಎಳೆದು ತೋರಿಸುತ್ತಾರೆ. ಮೂಲದಲ್ಲಿಲ್ಲದ ಉಪಕಥೆಗಳನ್ನು ತುರುಕಿದ್ದಾರೆ. ಇವನ್ನು ಬಿಟ್ಟು ನೋಡಿದರೆ ನಷ್ಟವಿಲ್ಲ. ಹೊಡೆದಾಟ, ರಕ್ತಪಾತ ಇರುವುದರಿಂದ ತೀರ ಚಿಕ್ಕ ಮಕ್ಕಳ ಪಕ್ಕದಲ್ಲಿ ಹಿರಿಯರೊಬ್ಬರು ಇರುವುದು ಮೇಲು.

ಒಂದೇ ಉಸಿರಿಗೆ ಮುಗಿಸುವ ಹಟ ಬೇಡ. ಕೆಲಸದಿಂದ ಮರಳಿ ಊಟ ಮುಗಿದ ಮೇಲೆ ದಿನಕ್ಕೆ ಒಂದೋ ಎರಡೋ ಕಂತು ಸಾಕು. ನಡುನಡುವೆ ಹಿಂದಿನ ಕಥೆಯನ್ನು ಮಕ್ಕಳ ಬಾಯಿಂದ ಕನ್ನಡದಲ್ಲಿ ಹೇಳಿಸಿರಿ. ತಿಮಿಂಗಿಲ ಏಕೆ ಕಾಯುತ್ತಿದೆ ಎಂದು ಕೇಳಿರಿ. ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಬಂದ ಉತ್ತರಗಳು, ನೋಡಿದ ಕಂತಿಗಿಂತ ಉದ್ದವಾಗಿದ್ದುವು.