ಒಡೆಯದಂತೆ ಇಳಿಸುವ ವಿದ್ಯೆ

ಇಸ್ತ್ರಿ ಅಂಗಡಿಯವರು ಇದ್ದಿಲಿನ ಮೂಟೆ ಬಿಚ್ಚುವುದನ್ನು ಹತ್ತಿರ ನಿಂತು ನೋಡಿದ್ದೀರಾ? ಗಟ್ಟಿ ತುಂಡುಗಳನ್ನು ಆರಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಮೂಟೆಯ ತಳದಲ್ಲಿ ಉಳಿದ ಪುಡಿ ಅಂಗಡಿಯ ಮೂಲೆ ಸೇರುತ್ತದೆ. ಪುಡಿಗೂ ಬೆಂಕಿ ಹತ್ತುತ್ತದೆ, ಆದರೆ ಗಾಳಿಯಾಡಲು ಸಂದಿ ಸಿಗದೆ ಹೊಗೆಯಾಡಿ ಕಮರಿಹೋಗುತ್ತದೆ. ಕೊಟ್ಟ ದುಡ್ಡಿನಲ್ಲಿ ಅಷ್ಟು ಪಾಲು ದಂಡ.

ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕ್ಯಾಸಲ್‌ನಲ್ಲಿ ಗಣಿ ಮಾಲೀಕರ ನಿದ್ದೆ ಕೆಡಿಸಿದ್ದೂ ಇಂಥದೇ ಪುಡಿ. ಕಲ್ಲಿದ್ದಲಿನ ಬಂಡಿಯನ್ನು ಎತ್ತುವ, ಇಳಿಸುವ, ಬರಿದು ಮಾಡುವ ಯಂತ್ರಗಳು ಹುಟ್ಟಿದ್ದು ಆಳು ಉಳಿಸಲು, ಹೊತ್ತು ಉಳಿಸಲು ಎಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ಅದೂ ನಿಜವೇ. ಆದರೆ ಮೊದಮೊದಲ ಯಂತ್ರಗಳ ಚಿತ್ರ ಮುಂದಿಟ್ಟುಕೊಂಡು ಈ ಸರಪಳಿ ಇಲ್ಲಿ ಯಾಕೆ, ಈ ತೋಳು ಇಷ್ಟುದ್ದ ಯಾಕೆ ಎಂದು ಕೇಳುತ್ತ ಹೋದಾಗಲೆಲ್ಲ ನನಗೆ ಸಿಕ್ಕಿದ್ದು ಒಂದೇ ಉತ್ತರ: ಉಂಡೆ ಒಡೆಯಬಾರದು.

ನ್ಯೂಕ್ಯಾಸಲ್ ಇರುವುದು ಟೈನ್ ನದಿಯ ದಂಡೆಯಲ್ಲಿ. ನದಿಗೆ ಅಡ್ಡಲಾಗಿದ್ದ ಕಲ್ಲು ಸೇತುವೆಯ ಕಮಾನುಗಳು ತಗ್ಗು. ಲಂಡನ್ನಿಗೆ ಕಲ್ಲಿದ್ದಲು ಒಯ್ಯುವ ಹಾಯಿಹಡಗುಗಳು ಅದನ್ನು ದಾಟಿ ಮೇಲಕ್ಕೆ ಬರುವಂತಿರಲಿಲ್ಲ. ಗಣಿಗಳಿದ್ದದ್ದೋ ಬಹುಪಾಲು ಮೇಲೆಯೇ. ಗಣಿಯಿಂದ ಮರದ ಹಳಿಗಳ ಮೇಲೆ ಕುದುರೆ ಎಳೆದು ತಂದ ಬಂಡಿಗಳು ದಂಡೆಯ ಮೇಲೆ ಕಟ್ಟಿದ ಎತ್ತರದ ಮರದ ಅಟ್ಟಣೆಗೆ ಬಂದು ನಿಲ್ಲುತ್ತಿದ್ದವು. ಅಲ್ಲಿಯವರ ಬಾಯಲ್ಲಿ ಅದು ಸ್ಟೇತ್. ಬಂಡಿಗೆ ಮೇಲ್ಭಾಗ ಅಗಲ, ತಳ ಕಿರಿದು, ತಳಕ್ಕೊಂದು ಬಾಗಿಲು. ಅಗಳಿ ತೆಗೆದರೆ ಸರಕು ತಾನಾಗಿ ಕೆಳಕ್ಕೆ. ಒಂದು ಬಂಡಿಯ ಹೊರೆ ಒಂದು ಚಾಲ್ಡ್ರನ್, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 2.7 ಟನ್. ಎಂಟು ಚಾಲ್ಡ್ರನ್ ಸೇರಿದರೆ ಒಂದು ಕೀಲ್ ದೋಣಿ ತುಂಬಿತು.

ಕೀಲ್ ಅಂದರೆ ಗಿಡ್ಡ, ಅಗಲ, ಚಪ್ಪಟೆ ತಳದ ದೋಣಿ. ಅದನ್ನು ನಡೆಸುವ ಕೀಲ್‌ಮನ್‌ಗಳು ನದಿಯ ಇಳಿತದೊಂದಿಗೆ ಕೆಳಕ್ಕೆ ಸಾಗಿ, ಹಡಗಿನ ಮಗ್ಗುಲಿಗೆ ದೋಣಿ ಹಚ್ಚಿ, 21 ಟನ್ನಿಗೂ ಮಿಕ್ಕ ಹೊರೆಯನ್ನು ಸಲಿಕೆಯಲ್ಲಿ ಮೊಗೆದು ಹಡಗಿನ ಪಕ್ಕದ ಕಿಂಡಿಗಳೊಳಗೆ ಎಸೆಯುತ್ತಿದ್ದರು. ಒಗ್ಗಟ್ಟಿನ ಜನ, ಸ್ವಾಭಿಮಾನಿಗಳು. ತಮ್ಮ ಕೂಲಿಯಿಂದಲೇ ಪಾಲು ಹಾಕಿ 1701ರಲ್ಲಿ ಮುದುಕರು, ರೋಗಿಗಳು, ವಿಧವೆಯರಿಗಾಗಿ ಒಂದು ಆಶ್ರಯಧಾಮ ಕಟ್ಟಿಸಿಕೊಂಡಿದ್ದರು. ಕೀಲ್‌ಮನ್ಸ್ ಹಾಸ್ಪಿಟಲ್ ಎಂಬ ಹೆಸರಿನ ಆ ಕಟ್ಟಡ ಈಗಲೂ ನಿಂತಿದೆ.

ಬಂಡಿಯಿಂದ ದೋಣಿಗೆ ಬಿದ್ದ ಏಟು ಒಂದು. ಸಲಿಕೆ ತಾಗಿದ್ದು ಇನ್ನೊಂದು. ಕಿಂಡಿಯಿಂದ ಹಡಗಿನ ಒಡಲಿಗೆ ಬಿದ್ದದ್ದು ಮತ್ತೊಂದು. ಲಂಡನ್ನಿನ ಮನೆಯೊಲೆಗೆ ಬೇಕಾಗಿದ್ದದ್ದು ದಪ್ಪ ಉಂಡೆ. ಸಣ್ಣದಕ್ಕೆ ಗಿರಾಕಿ ಇಲ್ಲವೆಂದು ಗಣಿಯ ಬಾಯಲ್ಲೇ ರಾಶಿ ಹಾಕಿ ಸುಟ್ಟುಬಿಡುತ್ತಿದ್ದ ಕಾಲ ಅದು. ಮಾರಾಟದ ಕ್ರಮವೂ ಪುಡಿಯ ಪರವಾಗಿಯೇ ಇತ್ತು. ಲಂಡನ್ನಿನಲ್ಲಿ ಇದ್ದಲು ತೂಕದ ಮೇಲಲ್ಲ, ಕೊಳಗದಂಥ ಪಾತ್ರೆಯಲ್ಲಿ ಅಳೆದು ಮಾರಾಟವಾಗುತ್ತಿತ್ತು. ಸೇರಿನಲ್ಲಿ ಮಂಡಕ್ಕಿ ಅಳೆಸಿಕೊಂಡು ತಂದವರಿಗೆ ಈ ಮಾತಿನ ಒಳಗುಟ್ಟು ಹೇಳಬೇಕಿಲ್ಲ. ನ್ಯೂಕ್ಯಾಸಲ್‌ನವನೇ ಆದ ಗಣಿತಜ್ಞ ಚಾರ್ಲ್ಸ್ ಹಟನ್ ಲೆಕ್ಕ ಹಾಕಿಟ್ಟಿದ್ದಾನೆ: ಒಂದು ಘನ ಗಜದ ಇಡಿಯ ಬಂಡೆ ಹೆಚ್ಚುಕಡಿಮೆ 5 ಬೋಲ್ ಅಳತೆ. ಅದನ್ನೇ ಸಾಧಾರಣ ತುಂಡು ಮಾಡಿದರೆ ಏಳೂವರೆ ಬೋಲ್. ಇನ್ನೂ ಸಣ್ಣಗೆ ಒಡೆದರೆ 9 ಬೋಲ್. ಒಡೆದಷ್ಟೂ ವ್ಯಾಪಾರಿಗೆ ಲಾಭ, ಕೊಂಡವರಿಗೆ ನಷ್ಟ, ಕೆಟ್ಟ ಹೆಸರು ಗಣಿಗೆ. ತೂಕದ ಮೇಲೆಯೇ ಮಾರಬೇಕೆಂಬ ಕಾನೂನು ಬಂದದ್ದು 1831ರಲ್ಲಿ.

ಅದಕ್ಕೂ ಮೊದಲೇ, 1807ರಲ್ಲಿ, ವಿಲಿಯಂ ಚಾಪ್‌ಮನ್ ಎಂಬ ಎಂಜಿನಿಯರ್ ಒಂದು ಪೇಟೆಂಟ್ ಪಡೆದ. ವಿಟ್‌ಬಿ ಎಂಬ ಬಂದರು ಊರಿನವನು. ಕಾಲುವೆ, ಬಂದರು ಕಟ್ಟುವುದರಲ್ಲಿ ಪಳಗಿದವನು. ಅವನಿಗೆ ಹೊಳೆದದ್ದು ಸರಳವಾದ ಮಾತು. ಇದ್ದಲನ್ನು ಎತ್ತರದಿಂದ ಬೀಳಿಸುವ ಬದಲು ಬಂಡಿಯನ್ನೇ ಹಡಗಿನ ತನಕ ಇಳಿಸಿದರೇನು? ಕೋಲ್ ಡ್ರಾಪ್ ಎಂದು ಹೆಸರಾದ ಆ ಯಂತ್ರ ನನಗೆ ಈ ಇಡೀ ಚರಿತ್ರೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು. ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಅಟ್ಟಣೆಯ ತುದಿಯಲ್ಲಿ ಎತ್ತರದ ಮರದ ಚೌಕಟ್ಟು. ಅದರ ಬುಡಕ್ಕೆ ಕೀಲು ಹಾಕಿ ನಿಲ್ಲಿಸಿದ ಎರಡು ಉದ್ದನೆಯ ತೋಳುಗಳು. ತೋಳುಗಳ ತುದಿಯಲ್ಲಿ ತೂಗುವ ಒಂದು ತೊಟ್ಟಿಲು. ಹಿಂದೆ ಸರಪಳಿಗೆ ಕಟ್ಟಿದ ಭಾರದ ಗುಂಡು. ತುಂಬಿದ ಬಂಡಿ ತೊಟ್ಟಿಲಿಗೆ ಉರುಳಿ ನಿಂತ ಕೂಡಲೇ ಒಬ್ಬ ಆಳು ಅದರ ಜೊತೆಗೇ ಹತ್ತಿಕೊಳ್ಳುತ್ತಾನೆ. ಮೇಲಿನವನು ಬ್ರೇಕು ಸಡಿಲಿಸುತ್ತಾನೆ. ತೋಳು ನಿಧಾನವಾಗಿ ಹೊಳೆಯ ಕಡೆಗೆ ಬಾಗುತ್ತದೆ. ಬಂಡಿ, ಬಂಡಿಯೊಡನೆ ಆಳು, ಅಟ್ಟಣೆಯಿಂದ ಹೊರಕ್ಕೆ ಚಾಚಿಕೊಂಡು ನೀರಿನ ಮೇಲೆ ತೇಲಿದಂತೆ ಇಳಿದು ಹಡಗಿನ ಅಟ್ಟದ ಮಟ್ಟಕ್ಕೆ ಬಂದು ನಿಲ್ಲುತ್ತಾರೆ. ಆಳು ಬಗ್ಗಿ ಅಗಳಿ ಬಡಿಯುತ್ತಾನೆ, ತಳದ ಬಾಗಿಲು ತೆರೆಯುತ್ತದೆ, ಇದ್ದಲು ಹಡಗಿನ ಬಾಯಿಗೆ ಇಳಿಯುತ್ತದೆ. ಈಗ ಬಂಡಿ ಹಗುರ. ಹಿಂದಿನ ಗುಂಡಿನ ತೂಕವೇ ಹೆಚ್ಚು. ಬಂಡಿ, ಆಳು, ತೋಳು ಎಲ್ಲವೂ ತಾವಾಗಿ ಮೇಲೆದ್ದು ಮೊದಲಿನ ಜಾಗಕ್ಕೆ ಬರುತ್ತವೆ.

ಎಂಜಿನ್ ಇಲ್ಲ, ಕುದುರೆ ಇಲ್ಲ, ಎಳೆಯುವ ಕೈಯೂ ಇಲ್ಲ. ಗುಂಡಿನ ತೂಕ ಖಾಲಿ ಬಂಡಿಗಿಂತ ಹೆಚ್ಚು, ತುಂಬಿದ ಬಂಡಿಗಿಂತ ಕಡಿಮೆ. ಯಂತ್ರದ ಜೀವ ಇರುವುದು ಈ ಒಂದು ಲೆಕ್ಕದಲ್ಲಿ. ನಮ್ಮ ಬಾವಿಯ ಏತದಲ್ಲಿ ಹಿಂದೆ ಕಟ್ಟಿದ ಕಲ್ಲು ತುಂಬಿದ ಕೊಡವನ್ನು ಎತ್ತಲು ನೆರವಾಗುತ್ತದೆ. ಇಲ್ಲಿ ಅದೇ ಕಲ್ಲು ತುಂಬಿದ್ದನ್ನು ಮೆಲ್ಲಗೆ ಇಳಿಸಿ, ಖಾಲಿಯಾದದ್ದನ್ನು ಮೇಲಕ್ಕೆ ತರುತ್ತದೆ. ತನ್ನ ತೂಕದಿಂದಲೇ ಪುಡಿಯಾಗುತ್ತಿದ್ದ ವಸ್ತುವನ್ನು ಅದರ ತೂಕದಿಂದಲೇ ಜೋಪಾನವಾಗಿ ಇಳಿಸಿದ ಈ ಬುದ್ಧಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಕೀಲ್‌ಮನ್‌ಗಳು ಕೈಮುಗಿಯಲಿಲ್ಲ, ಮುಗಿಯಬೇಕಾದ ಕಾರಣವೂ ಅವರಿಗಿರಲಿಲ್ಲ. ಸೇತುವೆಯಿಂದ ಕೆಳಗೆ, ಕಡಲಿನ ಕಡೆಗೆ, ಹೊಸ ಗಣಿಗಳು ತೆರೆದು, ಬಂಡಿಯಿಂದ ನೇರ ಹಡಗಿಗೇ ಇದ್ದಲು ಇಳಿಯತೊಡಗಿದಂತೆ ದೋಣಿಯ ಕೆಲಸ ಕರಗತೊಡಗಿತು. 1822ರಲ್ಲಿ ಅವರು ಹತ್ತು ವಾರ ಕೆಲಸ ನಿಲ್ಲಿಸಿ ಕೂತರು. ಅಟ್ಟಣೆಯಿಂದ ಇಳಿಜಾರು ಕೊಳವೆಗಳ ಮೂಲಕ ನೇರ ಹಡಗು ತುಂಬುವುದಕ್ಕೆ ಒಂದು ಮಿತಿ ಹಾಕಿ ಎಂಬುದು ಅವರ ಬೇಡಿಕೆ. ಸೈನ್ಯ ಬಂತು, ನೌಕಾಪಡೆ ಬಂತು. ಚಳಿಗಾಲ, ಮನೆಯಲ್ಲಿ ಕೂಳಿಲ್ಲ. ಸೋತು ದೋಣಿ ಹತ್ತಿದರು. ಯಂತ್ರದ ಚೆಲುವನ್ನು ಹೊಗಳುವಾಗ ಈ ಹತ್ತು ವಾರಗಳನ್ನು ಬಿಟ್ಟು ಹೊಗಳಬಾರದು ಎಂದು ನನ್ನ ಮನಸ್ಸು ಹೇಳುತ್ತದೆ.

ಡ್ರಾಪ್‌ಗಳು ಆಮೇಲೆ ಆ ಕರಾವಳಿಯುದ್ದಕ್ಕೂ ಎದ್ದವು. 1831ರಲ್ಲಿ ತೆರೆದ ಸೀಹಮ್ ಬಂದರಿಗೆ ಎಂಜಿನಿಯರ್ ಆಗಿದ್ದವನೂ ಚಾಪ್‌ಮನ್ನೇ. ಅಲ್ಲಿ ಕಡಿದಾದ ದಂಡೆಯಿದ್ದು ಎತ್ತರ ಪುಕ್ಕಟೆ ಸಿಗುತ್ತಿತ್ತು. ದಂಡೆ ಚಪ್ಪಟೆಯಾಗಿದ್ದ ಕಡೆ? 1830ರಲ್ಲಿ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲು ಹಳಿ ಮಿಡಲ್ಸ್‌ಬರೋಗೆ ಚಾಚಿಕೊಂಡಾಗ ಈ ತೊಡಕು ಎದುರಾಯಿತು. ತಿಮೊತಿ ಹ್ಯಾಕ್‌ವರ್ತ್ ಅಲ್ಲಿ ಉಗಿಯಂತ್ರ ಇಟ್ಟು ಬಂಡಿಗಳನ್ನು ಮೊದಲು ಮೇಲಿನ ಅಟ್ಟಣೆಗೆ ಎತ್ತಿಸಿ, ಅಲ್ಲಿಂದ ಹಡಗಿಗೆ ಇಳಿಸುವ ಏರ್ಪಾಡು ಮಾಡಿದ. ಇಳಿಸುವುದಕ್ಕೆ ಮೊದಲು ಎತ್ತಬೇಕಾಗಿ ಬಂದದ್ದು ಹೀಗೆ.

ಎತ್ತುವ ಕೆಲಸಕ್ಕೆ ಹೊಸ ಬಲ ತಂದವನು ನ್ಯೂಕ್ಯಾಸಲ್‌ನ ಒಬ್ಬ ವಕೀಲ, ವಿಲಿಯಂ ಆರ್ಮ್‌ಸ್ಟ್ರಾಂಗ್. 1835ರಲ್ಲಿ ಮೀನು ಹಿಡಿಯಲು ಗುಡ್ಡಗಾಡಿಗೆ ಹೋದಾಗ ನೀರುಚಕ್ರವೊಂದನ್ನು ನೋಡುತ್ತ ಕೂತವನಿಗೆ, ಬೆಟ್ಟದಿಂದ ಇಳಿಯುವ ನೀರಿನ ಬಲದಲ್ಲಿ ಬಹುಪಾಲು ಹಾಳಾಗುತ್ತಿದೆ ಅನಿಸಿತು. 1846ರಲ್ಲಿ ಊರಿನ ದಕ್ಕೆಯ ಮೇಲೆ ನಲ್ಲಿ ನೀರಿನ ಒತ್ತಡದಿಂದ ನಡೆಯುವ ಕ್ರೇನ್ ಒಂದನ್ನು ನಿಲ್ಲಿಸಿ ತೋರಿಸಿದ. ಮುಂದೆ ನೀರಿನ ಒತ್ತಡವನ್ನು ಭಾರದ ಕೆಳಗೆ ಕೂಡಿಡುವ ಅಕ್ಯುಮ್ಯುಲೇಟರ್ ಬಂದ ಮೇಲೆ ಬೆಟ್ಟವೂ ಬೇಕಿಲ್ಲ, ಎತ್ತರದ ಟ್ಯಾಂಕೂ ಬೇಕಿಲ್ಲ. ಕೀಲ್‌ಮನ್‌ಗಳ ಕಸುಬಿಗೆ ಕೊನೆಯ ಪೆಟ್ಟು ಬಿದ್ದದ್ದೂ ಇವನ ಕೈಯಿಂದಲೇ. ತಗ್ಗು ಕಮಾನಿನ ಆ ಹಳೆಯ ಸೇತುವೆಯನ್ನು ಕೆಡವಿ, ಅದೇ ಜಾಗದಲ್ಲಿ ನೀರಿನ ಒತ್ತಡದಿಂದ ತಿರುಗಿ ಹಡಗಿಗೆ ದಾರಿ ಬಿಡುವ ಸೇತುವೆಯನ್ನು 1876ರಲ್ಲಿ ಅವನ ಕಂಪನಿ ನಿಲ್ಲಿಸಿತು. ಹಡಗುಗಳು ಗಣಿಯ ಕಡೆಗೇ ಹೋದವು. ದೋಣಿಗೆ ಇನ್ನೇನು ಕೆಲಸ?

ನೀರಿನ ಬಲದ ಎತ್ತುಗಗಳು ದೊಡ್ಡ ಪ್ರಮಾಣದಲ್ಲಿ ನಿಂತದ್ದು ದಕ್ಷಿಣ ವೇಲ್ಸ್‌ನಲ್ಲಿ, ಕಾರ್ಡಿಫ್, ಪೆನಾರ್ತ್, ಬ್ಯಾರಿ ಬಂದರುಗಳಲ್ಲಿ. 1889ರಲ್ಲಿ ತೆರೆದ ಬ್ಯಾರಿ 1913ರಲ್ಲಿ 1 ಕೋಟಿ 10 ಲಕ್ಷ ಟನ್ ಕಲ್ಲಿದ್ದಲು ಹೊರಗೆ ಕಳಿಸಿತು. ವ್ಯಾಗನ್ ತೊಟ್ಟಿಲಿಗೆ ಬಂದು ನಿಲ್ಲುತ್ತದೆ, ತೊಟ್ಟಿಲು ಮೇಲೇರುತ್ತದೆ, ಹಿಂಬದಿ ಎದ್ದು ಮುಂಬದಿಯ ಬಾಗಿಲು ತೆರೆದುಕೊಳ್ಳುತ್ತದೆ, ಸರಕು ಜಾರುಬಂಡೆಯಂಥ ತಗಡಿನ ಮೇಲೆ ಜಾರಿ ಹಡಗಿಗೆ ಬೀಳುತ್ತದೆ. ವೇಗವೇನೋ ಬಂತು, ಜೊತೆಗೇ ಹಳೆಯ ಸಂಕಟವೂ ಮರಳಿತು. ಬ್ರಿಟಿಷ್ ನೌಕಾಪಡೆ ಮೆಚ್ಚಿದ ವೇಲ್ಸ್ ಕಲ್ಲಿದ್ದಲು ಉರಿಯುವುದರಲ್ಲಿ ಎತ್ತಿದ ಕೈ, ಆದರೆ ಬಲು ಬೇಗ ಒಡೆಯುವ ಸ್ವಭಾವದ್ದು. ಖಾಲಿ ಹಡಗಿನ ಆಳಕ್ಕೆ ಬಿದ್ದ ಮೊದಲ ಕೆಲವು ವ್ಯಾಗನ್‌ಗಳ ಸರಕು ಹಿಟ್ಟಾಗುತ್ತಿತ್ತು.

ಅದಕ್ಕೆ ಕಾರ್ಡಿಫ್‌ನವರು ಕಂಡುಕೊಂಡ ಉಪಾಯ ಲೂಯಿಸ್–ಹಂಟರ್ ಕ್ರೇನ್. ವ್ಯಾಗನ್‌ನ ಸರಕನ್ನು ಮೊದಲು ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆಗೆ ಇಳಿಸುವುದು. ಪೆಟ್ಟಿಗೆಯನ್ನು ಕ್ರೇನ್‌ನಿಂದ ಎತ್ತಿ ಹಡಗಿನ ಒಡಲಿನೊಳಗೆ, ತಳ ಮುಟ್ಟುವಷ್ಟು ಕೆಳಕ್ಕೆ ಬಿಡುವುದು. ಆಮೇಲೆ ಪೆಟ್ಟಿಗೆಯ ಶಂಕುವಿನಾಕಾರದ ತಳ ಸಡಿಲಿಸಿ ಇದ್ದಲು ಮೆಲ್ಲಗೆ ಸುತ್ತಲೂ ಹರಡುವಂತೆ ಮಾಡುವುದು. ಚಾಪ್‌ಮನ್‌ನ ತೊಟ್ಟಿಲು ಬೇರೆ ವೇಷದಲ್ಲಿ ಮತ್ತೆ ಬಂದ ಹಾಗೆ ನನಗೆ ಕಾಣುತ್ತದೆ. ಒಳಗೆ ಕವಿದ ಧೂಳಿನಲ್ಲಿ ಸಲಿಕೆ ಹಿಡಿದು ರಾಶಿ ಸಮ ಮಾಡುವ ಟ್ರಿಮ್ಮರ್‌ಗಳ ಕೆಲಸ ಮಾತ್ರ ಯಾವ ಯಂತ್ರಕ್ಕೂ ಒಗ್ಗದೆ ಬಹುಕಾಲ ಮನುಷ್ಯರ ಪಾಲಿಗೇ ಉಳಿಯಿತು.

ಅಮೆರಿಕದ ಈರೀ ಸರೋವರದ ಬಂದರುಗಳಲ್ಲಿ ವ್ಯಾಗನ್‌ಗಳೇ ದೊಡ್ಡವು. ಹೊರೆ 30 ಟನ್, ಆಮೇಲೆ 50 ಟನ್. ಆಳುಗಳು ವ್ಯಾಗನ್ನಿನೊಳಗೆ ನಿಂತು ಬಕೆಟ್ಟಿಗೆ ಸಲಿಕೆ ಹಾಕುವುದು, ಕ್ರೇನ್ ಆ ಬಕೆಟ್ ಎತ್ತುವುದು ಎಷ್ಟು ಹೊತ್ತು ನಡೆದೀತು? 1890ರ ದಶಕದಲ್ಲಿ ಮೆಕ್‌ಮೈಲರ್ ಮುಂತಾದವರ ಕಾರ್ ಡಂಪರ್‌ಗಳು ಬಂದವು. ಹಳಿಗಳ ನಡುವಿನ ಗುಂಡಿಯಿಂದ ಬಾರ್ನಿ ಎಂಬ ಪುಟ್ಟ ಗಾಡಿಯೊಂದು ಮೇಲೆದ್ದು ವ್ಯಾಗನ್ನಿನ ಬೆನ್ನಿಗೆ ಹತ್ತಿ, ಉಕ್ಕಿನ ಹಗ್ಗದ ಬಲದಿಂದ ಅದನ್ನು ದಿಬ್ಬದ ಮೇಲೆ ದೂಡುತ್ತದೆ. ಮೇಲೆ ತೊಟ್ಟಿಲು ಕಾದಿರುತ್ತದೆ. ವ್ಯಾಗನ್ ಸಮೇತ ಎದ್ದ ತೊಟ್ಟಿಲು ಮಗ್ಗುಲಿಗೆ ಮಗುಚಿ, ಕೊಡ ಬಗ್ಗಿಸಿದಂತೆ ಅಷ್ಟೂ ಹೊರೆಯನ್ನು ಒಂದೇ ಸಲಕ್ಕೆ ಅಗಲವಾದ ತಗಡಿನ ಬಾಯಿಗೆ ಹೊಯ್ಯುತ್ತದೆ. ಅಲ್ಲೂ ಹಡಗಿನ ಆಳಕ್ಕೆ ಉದ್ದ ಮಾಡಿಕೊಳ್ಳಬಲ್ಲ ಕೊಳವೆ ಇಟ್ಟು, ಇದ್ದಲು ಆದಷ್ಟು ಕಡಿಮೆ ಎತ್ತರದಿಂದ ಬೀಳುವಂತೆ ನೋಡಿಕೊಂಡರು.

ಮುಂದೆ ಇನ್ನೊಂದು ಕಡೆಯಿಂದ ಈ ಕಾಳಜಿಯ ಬುಡವೇ ಅಲುಗಾಡಿತು. 1920ರ ಸುಮಾರಿಗೆ ಮಿಲ್‌ವಾಕಿಯ ಒನೈಡಾ ಸ್ಟ್ರೀಟ್ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲನ್ನು ಗಿರಣಿಯಲ್ಲಿ ಬೀಸಿ, ಗಾಳಿಯೊಂದಿಗೆ ಊದಿ ಉರಿಸುವುದನ್ನು ಸಾಧಿಸಿದರು. ಪುಡಿ ಕಮರುತ್ತದೆಂಬ ಮಾತು ಒಲೆಗೆ ಸರಿ. ಗಾಳಿಯಲ್ಲಿ ತೇಲಿಬಿಟ್ಟರೆ ಅದೇ ಪುಡಿ ಎಲ್ಲಕ್ಕಿಂತ ಚೆನ್ನಾಗಿ ಉರಿಯುತ್ತದೆ. ಇಂದಿನ ಉಷ್ಣ ಸ್ಥಾವರದ ಬಾಯ್ಲರ್ ಕೇಳುವುದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ ಹಿಟ್ಟನ್ನು. ಅಲ್ಲಿಗೆ ಉಂಡೆಯ ಬೆಲೆ ಹೋಯಿತು.

ನಮ್ಮ ರಾಯಚೂರಿನ ಶಕ್ತಿನಗರದ ಉಷ್ಣ ಸ್ಥಾವರದಲ್ಲಿ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಎಂಟು ಘಟಕ ಸೇರಿ 1,720 ಮೆಗಾವಾಟ್. ಸಿಂಗರೇಣಿಯಿಂದ, ಇನ್ನೂ ದೂರದ ಗಣಿಗಳಿಂದ ರೇಕ್‌ಗಳಲ್ಲಿ ಬರುವ ಕಲ್ಲಿದ್ದಲನ್ನು ಬರಿದು ಮಾಡುವ ವ್ಯಾಗನ್ ಟಿಪ್ಲರ್ ಆ ಅಮೆರಿಕದ ಡಂಪರಿನ ವಂಶದ್ದೇ. ಒಂದು ವ್ಯಾಗನ್ನಿನಲ್ಲಿ ಸುಮಾರು 60 ಟನ್. ಹತ್ತಿರ ಹತ್ತಿರ ಮೂರು ಕೀಲ್ ದೋಣಿಗಳ ಹೊರೆ. ಒಂದು ರೇಕ್‌ಗೆ 58, 59 ವ್ಯಾಗನ್. ಇಲ್ಲಿ ಕಾಡುವ ಭಯ ಗಡಿಯಾರದ್ದು. ರೈಲ್ವೆ ಕೊಟ್ಟ ಹೊತ್ತು ಮೀರಿದರೆ ಡೆಮರೇಜ್ ಎಂಬ ದಂಡ ಕಟ್ಟಬೇಕು.

ಇಂಥ ಸ್ಥಾವರವೊಂದರಲ್ಲಿ ಟಿಪ್ಲರ್ ಪಕ್ಕದ ಕಟಕಟೆ ಹಿಡಿದು ನಿಂತು ನೋಡಿದ್ದೇನೆ. ಕೊಂಡಿ ಕಳಚಿದ ವ್ಯಾಗನ್ ಒಂದೇ ಬಂದು ಹಳಿಯ ತುಂಡಿನ ಮೇಲೆ ನಿಲ್ಲುತ್ತದೆ. ಮೇಲಿನಿಂದ ಕ್ಲ್ಯಾಂಪುಗಳು ಇಳಿದು ಅಂಚು ಹಿಡಿಯುತ್ತವೆ, ಪಕ್ಕಕ್ಕೆ ಒಂದು ಗೋಡೆ ಒರಗಿಕೊಳ್ಳುತ್ತದೆ. ಇಡೀ ವ್ಯಾಗನ್ ಹಳಿ ಸಮೇತ ಮಗುಚಿ ಬಹುಪಾಲು ತಲೆಕೆಳಗಾಗುತ್ತದೆ. ಗುಡುಗಿನಂಥ ಒಂದೇ ಸದ್ದು, ಕಾಲಡಿಯ ಕಾಂಕ್ರೀಟು ನಡುಗುತ್ತದೆ, ನೀರಿನ ತುಂತುರನ್ನೂ ಮೀರಿ ಕರಿ ಧೂಳು ಏಳುತ್ತದೆ. ಇಲ್ಲಿ ಇದ್ದಲು ಎಷ್ಟು ಎತ್ತರದಿಂದ ಬಿತ್ತು ಎಂದು ಯಾರೂ ಕೇಳುವುದಿಲ್ಲ.

ಧೂಳು ಅಡಗಿದ ಮೇಲೆ ನೋಡಿದರೆ ಇದ್ದಲು ಬೀಳುವ ಹಾಪರಿನ ಬಾಯಿಗೆ ಹಾಸಿದ ಕಬ್ಬಿಣದ ಸರಳುಗಳ ಮೇಲೆ ಒಂದು ಉಂಡೆ ಉಳಿದಿತ್ತು. ಮಡಿಲಲ್ಲಿ ಹಿಡಿಯುವಷ್ಟು ದೊಡ್ಡದು. ಕಡಿದ ಕಡೆ ಗಾಜಿನಂತೆ ಮಿರುಗುತ್ತಿತ್ತು. ಲಂಡನ್ನಿನ ಒಲೆಗೆ ಇಷ್ಟವಾಗುತ್ತಿದ್ದಂಥದು. ಮೂಗಿಗೆ ಟವಲು ಕಟ್ಟಿದ ಕೆಲಸಗಾರರೊಬ್ಬರು ದೊಡ್ಡ ಸುತ್ತಿಗೆ ಹಿಡಿದು ಸರಳುಗಳ ಮೇಲೆ ಜಾಗರೂಕತೆಯಿಂದ ಹೆಜ್ಜೆಯಿಟ್ಟು ಬಂದರು. ಮೊದಲ ಏಟಿಗೆ ಬಿರುಕು ಬಿಟ್ಟಿತು, ಎರಡನೆಯದಕ್ಕೆ ಚೂರಾಯಿತು. ಚೂರುಗಳನ್ನು ಕಾಲಿನಿಂದ ಸಂದಿಗೆ ತಳ್ಳಿ ಅವರು ಪಕ್ಕಕ್ಕೆ ಸರಿಯುವ ಹೊತ್ತಿಗೆ ಮುಂದಿನ ವ್ಯಾಗನ್ ಹಳಿಯ ಮೇಲೆ ಬರುತ್ತಿತ್ತು.