‘ಪಾಕ ಬಂತು, ಇಳ್ಸಿ!’

ತಟ್ಟೆಯ ತಣ್ಣೀರಿಗೆ ಬಿದ್ದ ಪಾಕವನ್ನು ಆ ಅಜ್ಜ ಬೆರಳಲ್ಲಿ ಒಟ್ಟುಗೂಡಿಸುತ್ತಾರೆ, ಅಂಗೈಯಲ್ಲಿ ಒಮ್ಮೆ ಉರುಳಿಸುತ್ತಾರೆ, ಆಮೇಲೆ ಉಂಡೆಯನ್ನು ಕೊಪ್ಪರಿಗೆಯ ಅಂಚಿಗೆ ಹೊಡೆಯುತ್ತಾರೆ. ‘ತಪ್’ ಎಂದರೆ ಇನ್ನೂ ಬೇಯಬೇಕು. ‘ಟಣ್’ ಎಂದರೆ ಆಯಿತು. ಈ ಎರಡರ ನಡುವೆ ಇನ್ನೂ ನಾಲ್ಕಾರು ಸದ್ದುಗಳಿವೆ. ನನ್ನ ಕಿವಿಗೆ ಅವೆಲ್ಲ ಒಂದೇ, ಅಜ್ಜನ ಕಿವಿಗೆ ಒಂದೊಂದೂ ಬೇರೆ.

ಪಾಂಡವಪುರ ಸೀಮೆಯ ಒಂದು ಆಲೆಮನೆ ಇದು. ಬೆಲ್ಲ ಮಾಡುವುದನ್ನು ಮೊದಲಿಂದ ಕೊನೆಯವರೆಗೆ ನೋಡಿ ಬರೆಯೋಣವೆಂದು ಹೋದವಳು ಗಾಣ, ಅಚ್ಚಿನ ಮಣೆ, ಲಾರಿಗೆ ಏರುತ್ತಿದ್ದ ಮೂಟೆ ಎಲ್ಲವನ್ನೂ ಬಿಟ್ಟು ಕೊಪ್ಪರಿಗೆಯ ಪಕ್ಕದಲ್ಲೇ ನಿಂತುಬಿಟ್ಟೆ. ಎಪ್ಪತ್ತು ದಾಟಿದ ಈ ಅಜ್ಜ ಗಾಣಕ್ಕೆ ಕಬ್ಬು ಕೊಡುವುದಿಲ್ಲ, ಒಲೆಗೆ ಸಿಪ್ಪೆ ತುಂಬುವುದಿಲ್ಲ, ಅಚ್ಚು ಹೊಡೆಯುವುದಿಲ್ಲ. ಅವರ ಕೆಲಸ ಪಾಕ ನೋಡುವುದು. ಎರಡೂವರೆ, ಮೂರು ಗಂಟೆ ಕುದಿಯುವ ಕಬ್ಬಿನ ಹಾಲು ಬೆಲ್ಲವಾಗುವ ಆ ಕೆಲವೇ ನಿಮಿಷಗಳಿಗೆ ಅವರು ಯಜಮಾನರು. ಉಳಿದ ಹೊತ್ತು ಗೋಡೆಗೊರಗಿ ಕೂತು, ನಿದ್ದೆ ಮಾಡುತ್ತಿದ್ದಾರೋ ಎನ್ನಿಸುವಂತೆ ಕಣ್ಣು ಮುಚ್ಚಿಕೊಂಡಿರುತ್ತಾರೆ.

ಅದು ನಿದ್ದೆಯಲ್ಲ. ಒಲೆ ಉರಿಸುವ ಹುಡುಗ ಮೊಬೈಲಿನಲ್ಲಿ ಹಾಡು ಹಾಕಿಕೊಂಡಿದ್ದ. ನೊರೆ ಇಳಿದು ಕುದಿಯ ಸದ್ದು ಬದಲಾಗುತ್ತಿದ್ದಂತೆ ಅಜ್ಜ ಕಣ್ಣು ತೆರೆಯದೆಯೇ ‘ಆರ್ಸ್ಲಾ ಅದ್ನ’ ಎಂದರು. ಹಾಡು ನಿಂತಿತು. ‘ಕಣ್ಣು ಮೋಸ ಮಾಡ್ತದೆ ಕಣವ್ವ. ಹೊಗೆ, ಹಬೆ, ಮೇಲಿಂದ ರಾತ್ರಿ ಹೊತ್ನಾಗೆ ಬಲ್ಬಿನ ಬೆಳಕು. ಕಿವಿ ಮೋಸ ಮಾಡಾಕಿಲ್ಲ’ ಎಂದರು ನನಗೆ. ಪಾಕದ ಹೊತ್ತಿಗೆ ಎಲೆ ಅಡಿಕೆಯನ್ನೂ ಅವರು ಬಾಯಿಗೆ ಹಾಕುವುದಿಲ್ಲ, ಮೂಗು ಮಂಕಾಗುತ್ತದಂತೆ.

ಬೆಲ್ಲದ ಹಾದಿ ಹೇಳಿಕೊಳ್ಳಲು ಸುಲಭ. ಗಾಣದಿಂದ ಬಂದ ಹಾಲು ಸೋಸಿ ಕೊಪ್ಪರಿಗೆಗೆ ಬೀಳುತ್ತದೆ. ಕೆಳಗೆ ಹಿಂದಿನ ದಿನಗಳ ಒಣ ಸಿಪ್ಪೆಯೇ ಸೌದೆ. ಹಾಲು ಬಿಸಿಯಾಗುತ್ತಿದ್ದಂತೆ ಸುಣ್ಣದ ತಿಳಿ ಬೀಳುತ್ತದೆ. ಹಾಲಿನ ಹುಳಿ ಮುರಿಯುವುದು ಅದರ ಕೆಲಸ. ಕೈ ಮಿಂಚಿ ಹೆಚ್ಚಾದರೆ ಬೆಲ್ಲ ಕಪ್ಪಗಾಗುತ್ತದೆ. ಹಳೆಯ ಪದ್ಧತಿಯವರು ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ಕಿವುಚಿದ ಲೋಳೆಯನ್ನೂ ಹಾಕುತ್ತಾರೆ. ಲೋಳೆ ಕಸರನ್ನೆಲ್ಲ ಹಿಡಿದುಕೊಂಡು ಮೇಲೆ ತರುತ್ತದೆ, ಆ ಮಡ್ಡಿಯನ್ನು ಜಾಲರಿಯಲ್ಲಿ ಎತ್ತಿ ಹಾಕುತ್ತಾರೆ. ಅಲ್ಲಿಂದ ಮುಂದೆ ಬಹಳ ಹೊತ್ತು ನೋಡುವಂಥದ್ದೇನೂ ಇಲ್ಲ. ನೀರು ಆವಿಯಾಗಬೇಕು, ಅಷ್ಟೆ.

ಆಮೇಲೆ ನೊರೆ ಏಳುತ್ತದೆ. ಕೊಪ್ಪರಿಗೆ ಉಕ್ಕಿ ಹೋಗುತ್ತದೆ ಎಂದು ನಾನು ಹಿಂದೆ ಸರಿದೆ. ಒಬ್ಬಾತ ಎರಡು ಹನಿ ಹರಳೆಣ್ಣೆ ಚಿಮುಕಿಸಿದ, ಅಷ್ಟೆತ್ತರದ ನೊರೆ ಸುಮ್ಮನೆ ಕುಸಿಯಿತು. ನೊರೆ ಸತ್ತ ಮೇಲೆ ಗುಳ್ಳೆಗಳ ಸರದಿ. ಮೊದಲು ಸಣ್ಣ ಗುಳ್ಳೆಗಳು ಗಿಜಿಗುಡುತ್ತವೆ. ಪಾಕ ದಪ್ಪಗಾದಂತೆ ಗುಳ್ಳೆ ದೊಡ್ಡದಾಗುತ್ತದೆ, ಏಳುವುದು ನಿಧಾನವಾಗುತ್ತದೆ, ಒಡೆದಾಗ ‘ಪಚಕ್’ ಎನ್ನುತ್ತದೆ. ಅಜ್ಜ ಏಳುವುದು ಆಗ. ಉದ್ದ ಹಿಡಿಯ ಹುಟ್ಟನ್ನು ಅದ್ದಿ ಎತ್ತಿ ಹಿಡಿಯುತ್ತಾರೆ. ಪಾಕ ಹನಿಹನಿಯಾಗಿ ಬಿದ್ದರೆ ಮತ್ತೆ ಕೂರುತ್ತಾರೆ. ಹನಿಗಳು ಒಂದಕ್ಕೊಂದು ಅಂಟಿಕೊಂಡು ಹಾಳೆಯಂತೆ ಇಳಿದರೆ ತಣ್ಣೀರಿನ ತಟ್ಟೆ ಕೇಳುತ್ತಾರೆ.

ನನಗೆ ಅಚ್ಚರಿಯೆನಿಸಿದ್ದು ಇನ್ನೊಂದು. ಉಂಡೆ ಇನ್ನೂ ‘ತಪ್’ ಎನ್ನುತ್ತಿರುವಾಗಲೇ ಅವರು ಒಲೆಗೆ ಸಿಪ್ಪೆ ಹಾಕುವುದನ್ನು ನಿಲ್ಲಿಸಿಬಿಡುತ್ತಾರೆ. ಇಟ್ಟಿಗೆಯ ಒಲೆಗೆ ಗ್ಯಾಸಿನಂತೆ ತಿರುಗಿಸುವ ಗುಂಡಿಯಿಲ್ಲವಲ್ಲ. ಉರಿ ಆರಿದ ಮೇಲೂ ಇಟ್ಟಿಗೆಯ ಕಾವು ಪಾಕವನ್ನು ಬೇಯಿಸುತ್ತಲೇ ಇರುತ್ತದೆ. ‘ಟಣ್’ ಬಂದ ಮೇಲೆ ಉರಿ ತೆಗೆದರೆ ಬೆಲ್ಲ ಸೀದ ಹಾಗೆಯೇ. ಹಾಗಾಗಿ ಇನ್ನೂ ಬಾರದ ಹದವನ್ನು ಮೊದಲೇ ಲೆಕ್ಕ ಹಾಕಿ ಒಲೆಯನ್ನು ತಗ್ಗಿಸಬೇಕು. ಕೊನೆಯ ಉಂಡೆ ಅಂಚಿಗೆ ತಾಗಿದ್ದೇ ತಡ, ‘ಪಾಕ ಬಂತು, ಇಳ್ಸಿ!’ ಎಂಬ ಕೂಗು. ನಾಲ್ವರು ಓಡಿ ಬಂದು ಕೊಪ್ಪರಿಗೆ ಬಗ್ಗಿಸಿ ಪಾಕವನ್ನು ತೊಟ್ಟಿಗೆ ಸುರಿದರು. ಆ ಗಳಿಗೆಯಲ್ಲಿ ಆಲೆಮನೆಯ ಮಾಲೀಕರೂ ಅಜ್ಜನ ಮಾತಿಗೆ ಎದುರಾಡುವುದಿಲ್ಲ.

ಇದನ್ನು ಬರೀ ಕೈಚಳಕ ಎಂದುಕೊಂಡರೆ ಅರ್ಧ ಮಾತ್ರ ತಿಳಿದಂತೆ. ನೀರಲ್ಲಿ ಸಕ್ಕರೆ ಕರಗಿದಷ್ಟೂ ಅದು ಕುದಿಯುವ ಉಷ್ಣಾಂಶ ಏರುತ್ತದೆ. ಆವಿ ಹೋಗಿ ಸಕ್ಕರೆ ಗಟ್ಟಿಯಾದಂತೆ ಡಿಗ್ರಿಯೂ ಮೇಲೆ ಹೋಗುತ್ತದೆ. ಆದ್ದರಿಂದ ಕುದಿಯುವ ಪಾಕದ ಉಷ್ಣಾಂಶವೆಂದರೆ ಅದರಲ್ಲಿ ಉಳಿದ ನೀರಿನ ಅಳತೆ. ಗಟ್ಟಿ ಬೆಲ್ಲಕ್ಕೆ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್ ಬೇಕು. ಶಿರಸಿ, ಸಾಗರದ ಕಡೆ ದೋಸೆಗೆ ನೆಂಚಿಕೊಳ್ಳುವ ಜೋನಿ ಬೆಲ್ಲಕ್ಕೆ 105, 106ಕ್ಕೇ ಇಳಿಸಬೇಕು. ತಣ್ಣೀರಿಗೆ ಬಿದ್ದ ಪಾಕ ಉಳಿದ ನೀರಿಗೆ ತಕ್ಕಂತೆ ಕರಗಿಹೋಗುತ್ತದೆ, ಮೆತ್ತಗಾಗುತ್ತದೆ, ಇಲ್ಲವೇ ಕಲ್ಲಾಗುತ್ತದೆ. ಅಜ್ಜನ ತಟ್ಟೆ ಅಳೆಯುವುದೂ ಥರ್ಮಾಮೀಟರ್ ಅಳೆಯುವುದೂ ಒಂದನ್ನೇ.

ಒಂದನ್ನೇ ಅಳೆದರೂ ತಟ್ಟೆಯ ಕೈ ಎರಡು ಕಡೆ ಮೇಲು ಎಂಬುದು ನನ್ನ ಎಣಿಕೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟು ಮುಂಚೆಯೇ ನೀರು ಕುದಿಯುತ್ತದೆ. ಮಂಡ್ಯದಲ್ಲಿ ಅದು 98ರ ಆಸುಪಾಸು, ಬೆಂಗಳೂರಿನಲ್ಲಿ 97, ಮಡಿಕೇರಿಯಲ್ಲಿ 96. ಸಮುದ್ರಮಟ್ಟದ ಲೆಕ್ಕದಲ್ಲಿ ಅಚ್ಚಾದ 118ನ್ನು ಮಡಿಕೇರಿಯ ಒಲೆಯ ಮೇಲೆ ಕಣ್ಣುಮುಚ್ಚಿ ನಂಬಿದರೆ ಪಾಕ ನಾಲ್ಕು ಡಿಗ್ರಿ ಹೆಚ್ಚು ಬೆಂದಿರುತ್ತದೆ. ತಣ್ಣೀರಿನ ತಟ್ಟೆಗೆ ಊರಿನ ಎತ್ತರ ಗೊತ್ತಿರಬೇಕಾಗಿಲ್ಲ.

ಎರಡನೆಯದು ಇನ್ನೂ ಮುಖ್ಯ. ಕಡಿದು ಎರಡು ಮೂರು ದಿನ ಬಿಸಿಲಲ್ಲಿ ಬಿದ್ದ ಕಬ್ಬು, ಗಾಳಿಗೆ ನೆಲಕ್ಕೊರಗಿದ ಕಬ್ಬು, ಇವುಗಳ ಹಾಲಿನಲ್ಲಿ ಸಕ್ಕರೆ ಒಡೆದು ಗ್ಲುಕೋಸ್, ಫ್ರಕ್ಟೋಸ್ ಹೆಚ್ಚಾಗಿರುತ್ತದೆ. ಅವು ಹರಳುಗಟ್ಟಲು ಬಿಡುವುದಿಲ್ಲ. ತಾಜಾ ಕಬ್ಬು ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವ ಉಷ್ಣಾಂಶದಲ್ಲಿ ಬಾಡಿದ ಕಬ್ಬಿನದು ಜಿನುಗುತ್ತ ಕೂರುತ್ತದೆ. ಥರ್ಮಾಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ‘ಯಾವ ಗದ್ದೇದು, ಯಾವಾಗ ಕಡ್ದಿದ್ದು ಅಂತ ಕೇಳ್ದೆ ನಾನು ಪಾಕಕ್ಕೆ ಕೈ ಹಾಕಾಕಿಲ್ಲ’ ಎನ್ನುವ ಅಜ್ಜನಿಗೆ ಗ್ಲುಕೋಸಿನ ಹೆಸರು ಗೊತ್ತಿರಲಿಕ್ಕಿಲ್ಲ, ಅದರ ಕಿತಾಪತಿ ಚೆನ್ನಾಗಿ ಗೊತ್ತು.

ಈ ಸೀಮೆಗೆ ಇಷ್ಟು ಕಬ್ಬು ಬಂದದ್ದು ಕನ್ನಂಬಾಡಿ ಕಟ್ಟೆಯಿಂದ. ಕಟ್ಟೆ ಎದ್ದು, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು, 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ ಆರಂಭವಾಯಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಹಿಂದಿದ್ದವರಲ್ಲಿ ಪ್ರಮುಖರು. ಅಜ್ಜ ಹೇಳುವ ಚರಿತ್ರೆ ಇದಕ್ಕಿಂತ ಚಿಕ್ಕದು: ಅವರಪ್ಪನ ಕಾಲಕ್ಕೆ ಎತ್ತಿನ ಗಾಣ, ಅವರ ಕಾಲಕ್ಕೆ ಡೀಸೆಲ್ ಎಂಜಿನ್, ಈಗ ಕರೆಂಟು. ‘ಗಾಣ ಬದ್ಲಾಯ್ತು, ಒಲೆ ಬದ್ಲಾಯ್ತು. ತಟ್ಟೆ ಮಾತ್ರ ಅದೇ.’ ತಟ್ಟೆಯೂ ಬದಲಾಗಿದೆ ಎಂದು ಪಕ್ಕದಲ್ಲಿದ್ದ ಹುಡುಗ ನಕ್ಕ. ಮೊದಲು ಹಿತ್ತಾಳೆಯದಿತ್ತಂತೆ, ಈಗ ಸ್ಟೀಲಿನದು.

ನಮ್ಮ ಮನೆಗಳ ಅಡುಗೆಯೂ ಹೀಗೆಯೇ ನಡೆದು ಬಂದದ್ದು. ಬೆರಳ ನಡುವೆ ಎಳೆ ಬಂದರೆ ಒಂದೆಳೆ ಪಾಕ. ಕಜ್ಜಾಯಕ್ಕೆ ನೀರಲ್ಲಿ ಮೆತ್ತನೆಯ ಉಂಡೆ ಕಟ್ಟಬೇಕು, ಸ್ವಲ್ಪ ಮೀರಿದರೂ ಹಿಟ್ಟು ಕಲ್ಲು. ಕಾದ ಎಣ್ಣೆಗೆ ಚೂರು ಹಿಟ್ಟು ಬಿಟ್ಟರೆ ತಳದಲ್ಲೇ ಉಳಿಯಿತೋ, ನಿಧಾನಕ್ಕೆ ಮೇಲೆ ಬಂತೋ, ಬಿದ್ದ ಕೂಡಲೇ ಕೆಂಪಾಯಿತೋ ನೋಡಿ ಉರಿ ಸರಿಪಡಿಸುತ್ತೇವೆ. ಬೆಣ್ಣೆ ಕಾಯಿಸುವಾಗಲಂತೂ ಕಿವಿಯೇ ಸಾಕು. ಚಟಪಟ ಎನ್ನುವುದು ಬೆಣ್ಣೆಯಲ್ಲಿನ ನೀರು. ಆ ಸದ್ದು ನಿಂತಿತೆಂದರೆ ನೀರು ಮುಗಿದಿದೆ, ಇನ್ನು ಸೀಯಲು ಹೆಚ್ಚು ಹೊತ್ತಿಲ್ಲ. ಆಗ ಒಂದು ವೀಳ್ಯದೆಲೆ ಹಾಕಿ ಇಳಿಸುತ್ತಿದ್ದರು ನಮ್ಮ ಮನೆಯಲ್ಲಿ. ಇವೆಲ್ಲ ಅಮ್ಮಂದಿರ ಬೆನ್ನಿಗೆ ನಿಂತು ಕಲಿತದ್ದು, ಕೇಳಿ ಬರೆದುಕೊಂಡದ್ದಲ್ಲ. ಆಲೆಮನೆಯದೂ ಅಷ್ಟೆ. ನಿಲ್ಲುವವರು ಬೇಕು.

ಈಗ ನಿಲ್ಲುವವರಿಲ್ಲ. ಮಂಡ್ಯದ ಎಷ್ಟೋ ಆಲೆಮನೆಗಳನ್ನು ಗುತ್ತಿಗೆಗೆ ಹಿಡಿದು ನಡೆಸುತ್ತಿರುವವರು ಉತ್ತರ ಪ್ರದೇಶದ ಕಡೆಯವರು, ಕೆಲಸಗಾರರೂ ಅಲ್ಲಿಂದಲೇ ಬರುತ್ತಾರೆ. ಅವರ ಮೇಲೆ ನನಗೆ ದೂರಿಲ್ಲ. ಅವರಲ್ಲೂ ಪಾಕ ಬಲ್ಲವರಿದ್ದಾರೆ, ಅವರಿಲ್ಲದಿದ್ದರೆ ಈ ಒಲೆಗಳಲ್ಲಿ ಎಷ್ಟೋ ಯಾವಾಗಲೋ ಆರುತ್ತಿದ್ದವು. ದೂರು ಇರುವುದು ನಮ್ಮ ಮೇಲೆಯೇ, ಬೆಲ್ಲ ಹಳದಿಯಾಗಿ ಹೊಳೆಯಬೇಕು ಎಂದು ಕೇಳುವವರ ಮೇಲೆ. ಆ ಹಳದಿಗಾಗಿ ಕೊಪ್ಪರಿಗೆಗೆ ಹೈಡ್ರೋಸ್ ಬೀಳುತ್ತದೆ. ಬಣ್ಣ ಕಳೆಯುವ ರಾಸಾಯನಿಕ ಅದು, ಅದರ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಆರೋಗ್ಯದ ಮಾತು ಹಾಗಿರಲಿ, ಪಾಕ ನೋಡುವವರಿಗೆ ಇದರಿಂದ ಆಗುವ ನಷ್ಟವನ್ನು ಯಾರೂ ಹೇಳುವುದಿಲ್ಲ. ಹಾಲು ಬೆಂದಂತೆ ಹೊಂಬಣ್ಣ, ಕಂದು, ಕಡುಕಂದು ಎಂದು ತಿರುಗುವ ಬಣ್ಣವೇ ಹದದ ಒಂದು ಗುರುತು. ಬಣ್ಣ ಕಳೆದ ಮೇಲೆ ಆ ಗುರುತೂ ಹೋಯಿತು. ಹೆಚ್ಚು ಬೆಂದದ್ದೂ ಹಳದಿ, ಸರಿಯಾಗಿ ಬೆಂದದ್ದೂ ಹಳದಿ. ಕಳಪೆ ಸಕ್ಕರೆ ಬೆರೆಸುವವರ ಕೊಪ್ಪರಿಗೆಯಲ್ಲಂತೂ ಪಾಕ ಬೇಗ ಹರಳುಗಟ್ಟುತ್ತದೆ, ಕಬ್ಬಿನ ಹಾಲು ನೋಡಿ ಪಳಗಿದವರ ಲೆಕ್ಕ ಅಲ್ಲಿ ನಡೆಯುವುದಿಲ್ಲ. ‘ಅಂಥಾ ಕಡೀಕೆ ನಾನು ವೋಗದೇ ಇಲ್ಲ. ಅದು ಬೆಲ್ಲ ಅಲ್ಲ, ಅದ್ರ ಪಾಕ ನನಗ್ ಬರಾಕಿಲ್ಲ’ ಎಂದು ಅಜ್ಜ ಕೈ ಒದರಿದರು.

ಥರ್ಮಾಮೀಟರ್ ಬೇಡವೆಂದು ನಾನು ಹೇಳುತ್ತಿಲ್ಲ. ಹೊಸದಾಗಿ ಕಲಿಯುವವರಿಗೆ ಅದು ಬೇಕು, ಯಾವಾಗ ತಟ್ಟೆ ಕೈಗೆತ್ತಿಕೊಳ್ಳಬೇಕೆಂದಾದರೂ ತಿಳಿಯುತ್ತದೆ. ಅಜ್ಜನೇ ಒಂದನ್ನು ಕುತೂಹಲದಿಂದ ತಿರುಗಿಸಿ ನೋಡಿ, ‘ಇದೂ ಇರ್ಲಿ, ಸಾಕ್ಷಿಗೆ’ ಎಂದರು. ಆದರೆ ಸಾಕ್ಷಿಯ ಜೊತೆಗೆ ತೀರ್ಪು ಕೊಡುವವರೂ ಇರಬೇಕಲ್ಲ. ಒಂದೊಂದು ಕೊಪ್ಪರಿಗೆಗೆ ಇಷ್ಟು ಎಂದು ಕೂಲಿ ಪಡೆಯುವ ಅಜ್ಜನ ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ, ಇನ್ನೊಬ್ಬನಿಗೆ ಮೈಸೂರಿನಲ್ಲಿ ಗಾರ್ಮೆಂಟ್ಸ್ ಕೆಲಸ. ಹಗಲು ರಾತ್ರಿ ಹಬೆಯಲ್ಲಿ ನಿಲ್ಲುವ, ಕಬ್ಬಿನ ಹಂಗಾಮು ಮುಗಿದರೆ ಕೆಲಸವಿಲ್ಲದ ಬದುಕಿಗೆ ಅವರು ಮರಳಲಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.

ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, ಕಬ್ಬು ಬೆಲ್ಲಗಳ ಬಗ್ಗೆ ಅಲ್ಲಿ ಕೆಲಸ ನಡೆದಿದೆ. ಕೇಂದ್ರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯದ ಹೆಸರಿಗೆ ಸೇರಿರುವುದೂ ಬೆಲ್ಲವೇ. ಯಂತ್ರಕ್ಕೆ, ಪ್ಯಾಕಿಂಗಿಗೆ, ಬ್ರ್ಯಾಂಡಿಗೆ ಸಾಲ, ಸಹಾಯಧನ ಸಿಗುತ್ತದೆ. ಪಾಕ ಬಲ್ಲ ಹಿರಿಯರನ್ನು ಒಂದು ಹಂಗಾಮಿನ ಮಟ್ಟಿಗೆ ಸಂಬಳ ಕೊಟ್ಟು ಮೇಷ್ಟ್ರಾಗಿ ಕೂರಿಸಿ, ನಾಲ್ವರು ಹುಡುಗರನ್ನು ಅವರ ಪಕ್ಕದಲ್ಲಿ ನಿಲ್ಲಿಸಲು ಅದಕ್ಕಿಂತ ಹೆಚ್ಚಿನ ಹಣ ಬೇಕಾಗದು. ಇದು ಆಗಬೇಕಾದ ಕೆಲಸ, ಅದೂ ಈ ತಲೆಮಾರು ಇರುವಾಗಲೇ.

ಓದುಗರಿಂದ ಆಗುವುದೂ ಒಂದಿದೆ. ಸಂಕ್ರಾಂತಿಯ ಎಳ್ಳಿಗೆ ಬೆಲ್ಲ ಕೊಳ್ಳುವಾಗ ಹೊಳೆಯುವ ಹಳದಿ ಅಚ್ಚನ್ನು ಪಕ್ಕಕ್ಕಿಟ್ಟು ಕಂದು ಬಣ್ಣದ್ದು ಇದೆಯೇ ಎಂದು ಕೇಳಿ. ಕಂದು ಇದ್ದ ಮಾತ್ರಕ್ಕೆ ಶುದ್ಧವೆಂಬ ಖಾತರಿಯಿಲ್ಲ, ಯಾವ ಆಲೆಮನೆಯದು ಎಂದೂ ವಿಚಾರಿಸಿ. ಹತ್ತು ಜನ ಕೇಳಿದರೆ ಅಂಗಡಿಯವರು ಮಂಡಿಯಲ್ಲಿ ಕೇಳುತ್ತಾರೆ, ಮಂಡಿಯವರು ಆಲೆಮನೆಯಲ್ಲಿ.