ಬಣ್ಣದ ಹಾವು, ಬಚ್ಚಿಟ್ಟ ರೋಗ!

2023ರ ಸೆಪ್ಟೆಂಬರ್ 6ರ ರಾತ್ರಿ. ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ವಿಮಾನದ ಸಾಮಾನಿನಲ್ಲಿ ವಾರಸುದಾರರಿಲ್ಲದ ಸರಕು. ಕಸ್ಟಮ್ಸ್‌ನವರು ಬಿಚ್ಚಿ ನೋಡಿದರೆ ಒಳಗೆ 78 ಪ್ರಾಣಿಗಳು! ಸತ್ತುಹೋಗಿದ್ದ 6 ಕಪುಚಿನ್ ಕೋತಿ, 17 ಕಾಳಿಂಗಸರ್ಪ, ಉಳಿದ 55 ಬಗೆಬಗೆ ಬಣ್ಣದ ‘ಬಾಲ್ ಪೈಥಾನ್’. ಜೀವ ಉಳಿದಿದ್ದವನ್ನು ಬಂದ ದೇಶಕ್ಕೇ ವಾಪಸ್ ಕಳಿಸಿದ್ದಾಯಿತು.

ಕಾಳಿಂಗ ಅಂದರೆ ನಮ್ಮವರಿಗೆ ಗೊತ್ತು. ಈ 55 ಯಾವ ಸೀಮೆ ಹಾವು? ಕದ್ದು ತರುವಂಥದ್ದು ಅದರಲ್ಲೇನಿದೆ?

ಇರುವುದು ಬಣ್ಣ. ಬಣ್ಣದ ಹಿಂದೆ ಒಂದು ಲೆಕ್ಕ.

ಬಾಲ್ ಪೈಥಾನ್ ಎಂಬುದು ಘಾನಾ, ಟೋಗೊ, ಬೆನಿನ್ ಕಡೆಯ ಸಣ್ಣ ಹೆಬ್ಬಾವು. ಮೂರು-ನಾಲ್ಕು ಅಡಿ ಉದ್ದ, ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಂಡುಬಿಡುತ್ತೆ. ಹೆಸರು ಬಂದದ್ದೇ ಹಾಗೆ. ಬೆನಿನ್‌ನ ವೀಡಾ ಪಟ್ಟಣದಲ್ಲಿ ಇದಕ್ಕೆ ಗುಡಿಯೇ ಇದೆ. ಅಲ್ಲಿ ಪೂಜೆ, ಪಕ್ಕದ ಟೋಗೊದಿಂದ ರಫ್ತು!

ಕಾಡಿನಲ್ಲಿ ಇದರ ಮೈ ಕಪ್ಪು-ಕಂದು. ಅಪರೂಪಕ್ಕೊಂದು ಬೇರೆ ಬಣ್ಣದ್ದು ಹುಟ್ಟುವುದುಂಟು. 1992ರಲ್ಲಿ ಅಮೆರಿಕದ ಸಾಕಣೆಗಾರ ಬಾಬ್ ಕ್ಲಾರ್ಕ್, ‘ಅಲ್ಬಿನೊ’ ಬಣ್ಣ ಮರಿಗಳಿಗೂ ಇಳಿಯುತ್ತದೆಂದು ಮರಿ ಮಾಡಿಸಿಯೇ ತೋರಿಸಿದ. ಶುರುವಾಯಿತು ನೋಡಿ ದಂಧೆ! ಕಪ್ಪೇ ಇಲ್ಲದೆ ಹಳದಿ-ಬಿಳಿ ಮೈ, ಕೆಂಪು ಕಣ್ಣಿದ್ದರೆ ಅದು ಅಲ್ಬಿನೊ. ಮೈಮೇಲೆ ಅಲ್ಲಲ್ಲಿ ಹಾಲು ಚೆಲ್ಲಿದಂತೆ ಅಚ್ಚ ಬಿಳುಪಿದ್ದರೆ ಪೈಬಾಲ್ಡ್. ಹಳದಿ ಹೊಳಪು ಏರಿದ್ದರೆ ಪಾಸ್ಟೆಲ್. ಕಪ್ಪು ಬಣ್ಣ ಜೇಡನ ನೂಲಿನಂತೆ ತೆಳ್ಳಗಾಗಿದ್ದರೆ ಸ್ಪೈಡರ್. ವ್ಯಾಪಾರಿಗಳ ಬಾಯಲ್ಲಿ ಇವೆಲ್ಲ ‘ಮಾರ್ಫ್’. ಒಂದಕ್ಕೊಂದು ಬೆರೆಸಿ ಬೆರೆಸಿ ಈಗ ಸಾವಿರಾರು ಬಗೆ ಆಗಿವೆ.

ಲೆಕ್ಕಕ್ಕೆ ಬರೋಣ. ಪ್ರತಿ ಗುಣಕ್ಕೂ ಮರಿಗೆ ಎರಡು ಜೀನ್, ತಾಯಿಯದೊಂದು, ತಂದೆಯದೊಂದು. ಪಾಸ್ಟೆಲ್ ಆಗಲು ಒಂದಿದ್ದರೂ ಸಾಕು. ಎರಡಿದ್ದರೆ ಇನ್ನೂ ಝಗಮಗ, ಅದು ‘ಸೂಪರ್ ಪಾಸ್ಟೆಲ್’. ಅಲ್ಬಿನೊ, ಪೈಬಾಲ್ಡ್ ಹಾಗಲ್ಲ. ಎರಡೂ ಬೇಕು. ಒಂದೇ ಇದ್ದರೆ ಹಾವು ನೋಡಲು ಮಾಮೂಲಿ, ಆದರೆ ಬಣ್ಣವನ್ನು ಒಳಗೆ ಹೊತ್ತಿರುತ್ತೆ. ಇದಕ್ಕೆ ‘ಹೆಟ್’ ಎನ್ನುತ್ತಾರೆ.

ಪೈಬಾಲ್ಡಿನ ಎರಡು ಹೆಟ್ ಕೂಡಿದರೆ ಪ್ರತಿ ಮೊಟ್ಟೆಗೂ ನಾಲ್ಕರಲ್ಲೊಂದು ಅದೃಷ್ಟ. ನಾಲ್ಕು ಮೊಟ್ಟೆಗೆ ಒಂದು ಗ್ಯಾರಂಟಿ ಅಂತಲ್ಲ! ಆರು ಮೊಟ್ಟೆ ಇಟ್ಟರೂ ಒಂದೂ ಪೈಬಾಲ್ಡ್ ಬರದೇ ಹೋಗುವ ಸಂಭವ ನೂರಕ್ಕೆ ಸುಮಾರು 18.

ಮೋಸಕ್ಕೆ ಜಾಗ ಇರುವುದೂ ಇಲ್ಲೇ. ಆ ಜೋಡಿಗೆ ಹುಟ್ಟಿದ ಮಾಮೂಲಿ ಬಣ್ಣದ ಮರಿಗಳಲ್ಲಿ ಸರಾಸರಿ ಮೂರಕ್ಕೆ ಎರಡು ಹೆಟ್, ಒಂದು ಬರೀ ಮಾಮೂಲಿ. ಯಾವುದು ಯಾವುದೆಂದು ಬ್ರಹ್ಮ ಬಂದು ನೋಡಿದರೂ ತಿಳಿಯದು. ಹಾಗಾಗಿ ಎಲ್ಲಕ್ಕೂ ‘66 ಪರ್ಸೆಂಟ್ ಹೆಟ್’ ಎಂಬ ಚೀಟಿ. ಹೆಣ್ಣು ಮರಿ ಬೆಳೆದು ಮೊಟ್ಟೆ ಇಡಲು ಎರಡು-ಮೂರು ವರ್ಷವಾದರೂ ಬೇಕು. ಅಲ್ಲಿವರೆಗೆ ಮಾರಿದವನ ಮಾತೇ ದಾಖಲೆ. ಈಗ ಹಾವು ಕಳಚಿದ ಪೊರೆಯಿಂದಲೇ ಡಿಎನ್‌ಎ ಪರೀಕ್ಷೆ ಸಾಧ್ಯ. ಅಮೆರಿಕದ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದವರು ಸಾಕುವವರಿಂದ ಪೊರೆಗಳನ್ನು ತರಿಸಿಕೊಂಡೇ ಅಲ್ಬಿನೊಗೆ ಕಾರಣವಾದ ಜೀನನ್ನು ಪತ್ತೆ ಹಚ್ಚಿ 2022ರಲ್ಲಿ ಪ್ರಕಟಿಸಿದರು. ದುಡ್ಡಿನ ಮೋಸಕ್ಕೆ ಹೀಗೊಂದು ಮದ್ದು ಸಿಕ್ಕಿತು.

ಸ್ಪೈಡರ್ ಹಾವಿನ ಕಥೆಗೆ ಮದ್ದಿಲ್ಲ. ಚೆಂದದ ಹಾವೇ, ಒಂದು ಜೀನ್ ಇದ್ದರೂ ಬಣ್ಣ ಬರುತ್ತೆ. ಆದರೆ ಅದರ ತಲೆ ಓಲಾಡುತ್ತೆ. ಕೆಲವಕ್ಕೆ ಅಷ್ಟಿಷ್ಟು; ಕೆಲವು ಹಾವು ತಲೆಕೆಳಗಾಗಿ ತಿರುಚಿಕೊಳ್ಳುತ್ತವೆ, ಇಲಿ ಹಿಡಿಯಲು ಹೋಗಿ ಗುರಿ ತಪ್ಪುತ್ತವೆ. ವ್ಯಾಪಾರಿಗಳು ಇದಕ್ಕೆ ‘ವಾಬಲ್’ ಎಂದು ಮುದ್ದಾದ ಹೆಸರಿಟ್ಟರು. 2022ರಲ್ಲಿ ಎಕ್ಸ್-ರೇ ಸ್ಕ್ಯಾನ್ ಮಾಡಿ ನೋಡಿದ ವಿಜ್ಞಾನಿಗಳಿಗೆ ಕಂಡದ್ದು, ಮೈಯ ಸಮತೋಲ ಕಾಯುವ ಒಳಗಿವಿಯೇ ಸೊಟ್ಟ. ಬಣ್ಣವೂ ರೋಗವೂ ಜೊತೆಜೊತೆಗೇ ಇಳಿಯುತ್ತವೆ. ಒಳ್ಳೆ ಜೋಡಿ ಆರಿಸಿ ರೋಗ ಬಿಡಿಸಿ ಬಣ್ಣ ಉಳಿಸಿಕೊಳ್ಳೋಣ ಎಂದು ವರ್ಷಗಟ್ಟಲೆ ನೋಡಿದವರಿಗೆ ಅದು ಕೈಗೂಡಲಿಲ್ಲ.

ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪೆಟೊಲಾಜಿಕಲ್ ಸೊಸೈಟಿ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರಕೂಡದೆಂದು ಕಟ್ಟು ಮಾಡಿತು. ಬೇರೆ ಕಡೆ ವ್ಯಾಪಾರ ನಡೆದೇ ಇದೆ. ನಮ್ಮಲ್ಲಿ 2022ರ ವನ್ಯಜೀವಿ ತಿದ್ದುಪಡಿ ಕಾಯಿದೆ ಪ್ರಕಾರ ಇಂಥ ವಿದೇಶಿ ಹಾವು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು, ಮರಿಯಾದರೆ ಅದನ್ನೂ ತಿಳಿಸಬೇಕು. ಕದ್ದು ಬಂದ ಹಾವಿನ ಅಪ್ಪ-ಅಮ್ಮ ಯಾರೆಂದು ಯಾವ ಕಾಗದದಲ್ಲಿ ಬರೆಸುತ್ತಾರೋ!